ಕೆರೆಯಲ್ಲಿ ಮೀನು ಸತ್ತಿವೆ: ಭಾನುವಾರ ಬೆಳಗ್ಗೆ 5ಕ್ಕೆ ಯಾರ್‍ಯಾರು ಬರುತ್ತೀರಿ?

ಮನೆ 12: ವಾಕಿಂಗ್ ಹೋದವರು ನೋಡಿರುತ್ತೀರಿ. ದಡದ ತುಂಬ ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ. ನೀರು ಹಸಿರು ಪೇಂಟ್ ಸುರಿದ ಹಾಗಿದೆ. ಯಾರೋ ವಿಷ ಹಾಕಿದ್ದಾರೆ. ದೂರು ಕೊಡೋಣ.

ಮನೆ 40: ವಾಸನೆಗೆ ಕಿಟಕಿ ತೆಗೆಯುವ ಹಾಗಿಲ್ಲ. ಎರಡು ಮೂಟೆ ಬ್ಲೀಚಿಂಗ್ ಪೌಡರ್ ಸುರಿದರೆ ಮುಗಿಯಿತು. ಸೊಳ್ಳೆಯೂ ಹೋಗುತ್ತದೆ.

ಮನೆ 27: ಸರ್, ದಯವಿಟ್ಟು ಬೇಡ. ನಾನೂ ಹೋಗಿ ನೋಡಿದೆ. ಸತ್ತಿರುವುದು ದೊಡ್ಡ ಮೀನೇ ಜಾಸ್ತಿ. ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ವಿಷವಾಗಿದ್ದರೆ ಸಾಮಾನ್ಯವಾಗಿ ಮರಿಗಳೂ ಉಳಿಯುವುದಿಲ್ಲ. ಇದು ಉಸಿರುಗಟ್ಟಿ ಸತ್ತಿದ್ದು. ಆ ಹಸಿರು ಪಾಚಿ ಹಗಲು ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸಿ ಖಾಲಿ ಮಾಡುತ್ತದೆ. ನಸುಕಿನ ಹೊತ್ತಿಗೆ ತೀರಾ ಕಡಿಮೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನು ತಾಳುವುದಿಲ್ಲ. ಸೆಕೆಗಾಲ ಬೇರೆ. 20 ಡಿಗ್ರಿಯ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು 7.5 ಅಷ್ಟೇ.

ಬ್ಲೀಚಿಂಗ್ ಹಾಕಿದರೆ ಉಳಿದ ಮರಿಗಳೂ ಹೋಗುತ್ತವೆ, ಪಾಚಿ ತಿನ್ನುವ ಸಣ್ಣ ಹುಳಗಳೂ ಹೋಗುತ್ತವೆ. ಸೊಳ್ಳೆಮರಿ ಬಾಲದ ಕೊಳವೆಯಿಂದ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನೀರಲ್ಲಿ ಆಮ್ಲಜನಕ ಇಲ್ಲದಿದ್ದರೂ ಅದಕ್ಕೇನೂ ಆಗುವುದಿಲ್ಲ. ಅದನ್ನು ತಿನ್ನುತ್ತಿದ್ದ ಮೀನು ಇರುವುದಿಲ್ಲ, ಏರೋಪ್ಲೇನ್ ಚಿಟ್ಟೆಯ ಮರಿಯೂ ಇರುವುದಿಲ್ಲ. ಮುಂದಿನ ತಿಂಗಳು ಸೊಳ್ಳೆ ಇನ್ನೂ ಜಾಸ್ತಿ.

ಮನೆ 12: ಮೊದಲು ಇಷ್ಟು ಪಾಚಿ ಇರಲಿಲ್ಲ ಅಲ್ವಾ?

ಮನೆ 27: ಅದಕ್ಕೆ ಗೊಬ್ಬರ ಸಿಕ್ಕಿದೆ. ಕಕ್ಕಸಿನ ನೀರು, ಸೋಪಿನ ನೀರು ಎರಡರಲ್ಲೂ ಸಾರಜನಕ, ರಂಜಕ ಇರುತ್ತವೆ. ಮಳೆನೀರಿನ ಚರಂಡಿ ಕೆರೆಗೆ ಬೀಳುವ ಜಾಗ ನೋಡಿ. ಮಳೆಯೇ ಇಲ್ಲ, ನೊರೆ ಮಾತ್ರ ಹರಿಯುತ್ತಿದೆ.

ಮನೆ 33: ಹೇಳಲು ಮುಜುಗರ. ನಮ್ಮ ವಾಷಿಂಗ್ ಮೆಷಿನ್ ಪೈಪು ಆ ಚರಂಡಿಗೇ ಇದೆ. ಮನೆ ಕಟ್ಟಿಸುವಾಗ ಹತ್ತಿರ ಆಗುತ್ತದೆ ಅಂತ ಹಾಗೆ ಮಾಡಿಸಿದೆವು. ಈ ವಾರವೇ ಬದಲಾಯಿಸುತ್ತೇನೆ. ಇನ್ನೂ ಕೆಲವು ಮನೆಗಳದ್ದು ಹೀಗೇ ಇದೆ, ಅವರೇ ಹೇಳಲಿ.

ಮನೆ 40: ಸರಿ, ಬ್ಲೀಚಿಂಗ್ ಬಿಟ್ಟೆ. ಆ ಜೊಂಡನ್ನಾದರೂ ಪೂರ್ತಿ ಕೀಳಿಸೋಣ, ಹಾವು ಬರುತ್ತದೆ.

ಮನೆ 8: ಪೂರ್ತಿ ಬೇಡ ಸರ್. ಗುಳುಮುಳುಕ ಹಕ್ಕಿ ಅಲ್ಲೇ ತೇಲುವ ಗೂಡು ಕಟ್ಟಿದೆ, ನಾನು ದಿನಾ ನೋಡುತ್ತೇನೆ. ಜೊಂಡು ಆ ಗೊಬ್ಬರವನ್ನೇ ಹೀರಿ ಬೆಳೆಯುತ್ತದೆ. ದಾರಿ ಪಕ್ಕದ್ದಷ್ಟೇ ಕತ್ತರಿಸಿ ಹೊರಗೆ ಸಾಗಿಸೋಣ. ನೀರಲ್ಲೇ ಬಿಟ್ಟರೆ ಕೊಳೆತು ಮತ್ತೆ ಅದೇ ಕಥೆ.

ಮನೆ 27: ಸತ್ತ ಮೀನು ಇವತ್ತೇ ತೆಗೆದು ಹೂಳಬೇಕು, ಅವು ಕೊಳೆಯುವಾಗಲೂ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಕೈಗವಸು ಮರೆಯಬೇಡಿ. ಭಾನುವಾರ ಬೆಳಗ್ಗೆ 5ಕ್ಕೆ ಆಮ್ಲಜನಕ ಅಳೆಯುವ ಮೀಟರ್ ತರುತ್ತೇನೆ. ಮಧ್ಯಾಹ್ನ 3ಕ್ಕೆ ಇನ್ನೊಮ್ಮೆ ಅಳೆಯೋಣ.

ಮನೆ 12: ದೂರಿನಲ್ಲಿ ವಿಷ ಅಂತ ಬರೆದದ್ದು ಅಳಿಸಿದೆ. ಎರಡೂ ಹೊತ್ತಿನ ಅಳತೆ, ಚರಂಡಿಯ ಫೋಟೊ ಸೇರಿಸಿ ಸೋಮವಾರ ಕೊಡೋಣ.

ಮನೆ 40: ನಮ್ಮಲ್ಲಿ ಉದ್ದ ಹಿಡಿಯ ಬಲೆ ಇದೆ, ಸಂಜೆ ತರುತ್ತೇನೆ. ಭಾನುವಾರವೂ ಬರುತ್ತೇನೆ. 5 ಅಂದರೆ 5 ತಾನೆ? ಹೋದ ಸಲ ಸುಮ್ನೆ ಮುಕ್ಕಾಲು ಗಂಟೆ ಒಬ್ಬನೇ ನಿಂತಿದ್ದೆ.