55 ಇಂಚು, 70 ಸಾವಿರ: ಸೋನಿನಾ, ಸ್ಯಾಮ್‌ಸಂಗಾ, ಎಲ್‌ಜಿನಾ, ಇಲ್ಲಾ ಚೀನಾದವರದ್ದಾ?

ಸಾಗರದ_ಅಡಿಕೆ:
ಮನೆಗೆ ಹೊಸ ಟಿವಿ ಬೇಕು. 55 ಇಂಚು, 70 ಸಾವಿರದ ಒಳಗೆ. ಹಗಲು ಪೂರ್ತಿ ಅಪ್ಪನ ನ್ಯೂಸ್ ಚಾನೆಲ್, ಸಂಜೆ ಅಮ್ಮನ ಧಾರಾವಾಹಿ, ರಾತ್ರಿ ನನ್ನ ಸಿನಿಮಾ ಅಥವಾ ಮ್ಯಾಚು. ಮನೆ ಸಾಗರದಿಂದ ಒಳಗೆ ಹಳ್ಳಿಯಲ್ಲಿ, ಸಿಡಿಲು ಮತ್ತು ಕರೆಂಟಿನ ಕಥೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಚಿತ್ರ ಚೆನ್ನಾಗಿರಬೇಕು, ಏಳೆಂಟು ವರ್ಷ ಬಾಳಿಕೆ ಬರಬೇಕು. ಅಂಗಡಿಯವನು ಒಂದು ಹೇಳ್ತಾನೆ, ಭಾವ ಇನ್ನೊಂದು ಹೇಳ್ತಾರೆ. ಕಣ್ಣು ಮುಚ್ಚಿ ತಗೊಳ್ಳಬಹುದಾದ ಬ್ರ್ಯಾಂಡ್ ಯಾವುದು?

ಧಾರವಾಡದಾಂವ:
ಸೋನಿ ತಗೋರಿ, ಮುಗೀತು. ಮುಖದ ಬಣ್ಣ ಮುಖದ ಬಣ್ಣದಂಗನ ಕಾಣ್ತದ. ಉಳಿದವ್ರ ಟಿವಿಯೊಳಗ ನ್ಯೂಸ್ ಓದೂರೆಲ್ಲಾ ಅರಿಶಿಣ ಹಚ್ಚಿಕೊಂಡು ಕುಂತಂಗ ಕಾಣ್ತಾರ. ನಮ್ಮ ಮನಿಯಾಗ ಹಳೇ ಬ್ರಾವಿಯಾ ಇನ್ನೂ ಓಡಾಕತ್ತದ, ಒಂದು ಸಲನೂ ಬಿಚ್ಚಿಲ್ಲ.

ಪಿಕ್ಸೆಲ್_ಪುರಾಣ:
ಯಾವ ಸೋನಿ, ಅಣ್ಣಾ? ಬ್ರಾವಿಯಾ 2, ಬ್ರಾವಿಯಾ 3 ಎರಡೂ 60 ಹರ್ಟ್ಜ್ ಪರದೆ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸೋದು), ಲೋಕಲ್ ಡಿಮ್ಮಿಂಗ್ ಇಲ್ಲ. ಮಿನಿ ಎಲ್‌ಇಡಿ (ಹಿಂದೆ ಸಣ್ಣ ಸಣ್ಣ ದೀಪಗಳಿರೋದು) ಬೇಕಂದ್ರೆ ಬ್ರಾವಿಯಾ 5 ಅಥವಾ 7, ಓಎಲ್‌ಇಡಿ (ಪಿಕ್ಸೆಲ್ಲೇ ಬೆಳಗೋದು) ಬೇಕಂದ್ರೆ ಬ್ರಾವಿಯಾ 8. ಇವರ ಬಜೆಟ್ಟಿಗೆ ಸಿಗೋದು ಮೊದಲ ಮೆಟ್ಟಿಲು. ಜಾಹೀರಾತು ನೋಡಿ ಮನಸ್ಸು ಸೋಲೋದು ಮೇಲಿನ ಮೆಟ್ಟಿಲಿಗೆ, ಮನೆಗೆ ಬರೋದು ಕೆಳಗಿಂದು.

ಲೋಕಲ್ ಡಿಮ್ಮಿಂಗ್ ಯಾಕೆ ಮುಖ್ಯ ಅಂದ್ರೆ, ಎಲ್‌ಸಿಡಿ ತಾನಾಗಿ ಬೆಳಗಲ್ಲ. ಹಿಂದಿನ ದೀಪ ಉರಿಯುತ್ತೆ, ಮುಂದಿನ ಪರದೆ ತಡೆದಷ್ಟು ತಡೆಯುತ್ತೆ. ರಾತ್ರಿ ದೃಶ್ಯ ಬಂದಾಗ ದೀಪ ಇಡಿಯಾಗಿ ಉರೀತಾ ಇದ್ದರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ. ದೀಪವನ್ನ ನೂರಾರು ಭಾಗ, ಅಂದ್ರೆ ಝೋನ್ ಮಾಡಿ ಬೇಕಾದಲ್ಲಿ ಮಾತ್ರ ಆರಿಸಿದರೆ ಕಪ್ಪು ಕಪ್ಪಾಗೇ ಇರುತ್ತೆ. ಚೀನಾದ ಟಿಸಿಎಲ್, ಹೈಸೆನ್ಸ್‌ನವರು ಇದನ್ನ ಕಡಿಮೆ ದುಡ್ಡಿಗೆ ಕೊಡ್ತಿದಾರೆ. ಜಪಾನ್, ಕೊರಿಯಾದವರು ಅದೇ ದುಡ್ಡಿಗೆ ಹೆಸರು ಕೊಡ್ತಾರೆ.

ಡಬ್ಬದ ಮೇಲಿನ ಕ್ಯೂಎಲ್‌ಇಡಿ, ಕ್ಯೂಎನ್‌ಇಡಿ ನೋಡಿ ಮೋಸ ಹೋಗಬೇಡಿ. ಅವು ಬಣ್ಣದ ಮಾತು, ಹಿಂದಿನ ದೀಪ ಎಂಥದ್ದು ಅಂತ ಅದರಿಂದ ತಿಳಿಯಲ್ಲ. "ಫುಲ್ ಅರೇ ಲೋಕಲ್ ಡಿಮ್ಮಿಂಗ್ (ಪರದೆ ಹಿಂದೆ ಪೂರ್ತಿ ದೀಪ) ಇದೆಯಾ, ಅಂಚಿನ ದೀಪವಾ?" ಅಂತ ನೇರ ಕೇಳಿ. ಸೇಲ್ಸ್ ಹುಡುಗ ತಡಬಡಾಯಿಸಿದರೆ ಅಲ್ಲೇ ಉತ್ತರ ಸಿಕ್ಕಿತು.

ಧಾರವಾಡದಾಂವ:
ಝೋನ್ ಎಣಿಸ್ಕೋತ ಕುಂಡ್ರಾಂವ ಯಾರ್ರಿ? ಅವ್ರ ಅಪ್ಪಾರು ನೋಡೂದು ಡಿಶ್‌ನಾಗಿನ ಎಸ್‌ಡಿ ನ್ಯೂಸು. ಆ ಸಣ್ಣ ಚಿತ್ರಾನ 4ಕೆ ಪರದೆಗೆ ಹಿಗ್ಗಿಸಬೇಕು. ಅಲ್ಲಿ ಪ್ರೊಸೆಸರ್ ಕೆಲಸ ಮಾಡ್ತದ, ನಿಮ್ಮ ದೀಪ ಅಲ್ಲ. ಅಗ್ಗದ ಸೆಟ್ಟಿನ್ಯಾಗ ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂಗ ಕಾಣ್ತದ, ನೋಡೀರಿಲ್ಲೋ?

ಪಿಕ್ಸೆಲ್_ಪುರಾಣ:
ಅಪ್‌ಸ್ಕೇಲಿಂಗ್‌ನಲ್ಲಿ ಸೋನಿ ಮುಂದಿದೆ, ಒಪ್ಪಿದೆ. ಆದರೆ ಕಲರ್ಸ್ ಕನ್ನಡ, ಜೀ ಕನ್ನಡ, ಸುವರ್ಣ ಎಲ್ಲಕ್ಕೂ ಎಚ್‌ಡಿ ಇದೆಯಲ್ಲ. ಅಮ್ಮನಿಗೆ ಎಚ್‌ಡಿ ಪ್ಯಾಕ್ ಹಾಕಿಸಿದರೆ ಆ ಅರ್ಧ ಜಗಳ ಮುಗೀತು. ರಾತ್ರಿ ಸಿನಿಮಾದಲ್ಲಿ ಕಪ್ಪಿಲ್ಲ ಅಂದ್ರೆ ಯಾವ ಪ್ಯಾಕ್ ಹಾಕಿಸ್ತೀರಿ?

ಹಳೇ_ಆಂಟೆನಾ:
ನಮ್ಮ ಕಾಲದಲ್ಲಿ ಬಿಪಿಎಲ್ಲೋ ಒನಿಡಾನೋ ಅನ್ನೋದೊಂದೇ ಪ್ರಶ್ನೆ. ಸಿಗ್ನಲ್ ಬರದಿದ್ದರೆ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸೋದು.
ಇರಲಿ, ಒಂದು ಮಾತು. ಅಂಗಡಿಯಲ್ಲಿ ಕೊಡಾಕ್, ಥಾಮ್ಸನ್, ಬ್ಲಾಪುಂಕ್ಟ್ ಅಂತ ಹಳೇ ಯುರೋಪು, ಅಮೆರಿಕದ ಹೆಸರು ನೋಡಿ ಮರುಳಾಗಬೇಡಿ. ನಮ್ಮಲ್ಲಿ ಆ ಮೂರೂ ಹೆಸರನ್ನ ಲೈಸೆನ್ಸಿಗೆ ಪಡೆದು ಟಿವಿ ಮಾಡ್ತಿರೋದು ಒಂದೇ ಭಾರತೀಯ ಕಂಪನಿ. ತೋಷಿಬಾ ಟಿವಿ ವ್ಯವಹಾರ ಹೈಸೆನ್ಸ್ ಕೈಗೆ ಹೋಗಿ ವರ್ಷಗಳಾದವು.

ಪಿಕ್ಸೆಲ್_ಪುರಾಣ:
ಪ್ಯಾನೆಲ್, ಅಂದ್ರೆ ಚಿತ್ರ ಮೂಡಿಸೋ ಗಾಜಿನ ವಿಷಯಕ್ಕೆ ಹೋದರೆ ಇನ್ನೂ ಮಜಾ. ಸ್ಯಾಮ್‌ಸಂಗ್ ಡಿಸ್‌ಪ್ಲೇ 2022ರಲ್ಲೇ ಎಲ್‌ಸಿಡಿ ತಯಾರಿಕೆ ಕೈಬಿಟ್ಟಿತು. ಎಲ್‌ಜಿಯವರು ಚೀನಾದ ಗುವಾಂಗ್‌ಝೌನಲ್ಲಿದ್ದ ದೊಡ್ಡ ಎಲ್‌ಸಿಡಿ ಕಾರ್ಖಾನೆಯನ್ನ ಟಿಸಿಎಲ್ ಗುಂಪಿನ ಪ್ಯಾನೆಲ್ ಕಂಪನಿ ಸಿಎಸ್‌ಒಟಿಗೇ ಮಾರಿದರು. ಸೋನಿಯ ಓಎಲ್‌ಇಡಿಗೆ ಗಾಜು ಬರೋದು ಎಲ್‌ಜಿ ಡಿಸ್‌ಪ್ಲೇ, ಸ್ಯಾಮ್‌ಸಂಗ್ ಡಿಸ್‌ಪ್ಲೇ ಕಡೆಯಿಂದ. "ಚೀನಾ ಮಾಲು ಬೇಡ" ಅಂದವರ ಮನೆ ಗೋಡೆ ಮೇಲೂ ಬಹುಪಾಲು ಚೀನಾ ಗಾಜೇ ಇರೋದು.

ಬೆಸುಗೆ_ಮಾಮ:
ಗಾಜು ಒಂದೇ ಇದ್ದ ಮಾತ್ರಕ್ಕೆ ಟಿವಿ ಒಂದೇ ಆಗಲ್ಲ, ತಮ್ಮಾ. ರಿಪೇರಿ ಅಂಗಡಿ ಇಟ್ಟವನು ನಾನು, ಬ್ರ್ಯಾಂಡ್ ಜಗಳ ನನಗೆ ಬೇಡ. ಮೇಜಿಗೆ ಏನು ಬರುತ್ತೆ ಅಷ್ಟು ಹೇಳ್ತೀನಿ.

ಹೆಚ್ಚಿನವು ಬ್ಯಾಕ್‌ಲೈಟ್ ಕೇಸು. "ಸೌಂಡ್ ಬರ್ತದೆ, ಚಿತ್ರ ಇಲ್ಲ" ಅಂತ ತರ್ತಾರೆ. ಲೈಟ್ ಆರಿಸಿ ಪರದೆಗೆ ಮೊಬೈಲ್ ಟಾರ್ಚು ಓರೆಯಾಗಿ ಹಿಡಿದರೆ ಚಿತ್ರ ಮಸುಕಾಗಿ ಓಡ್ತಾ ಇರೋದು ಕಾಣುತ್ತೆ. ಅಂದ್ರೆ ಪ್ಯಾನೆಲ್ ಬದುಕಿದೆ, ಹಿಂದಿನ ದೀಪ ಸತ್ತಿದೆ. ದೀಪದ ಪಟ್ಟಿಯಲ್ಲಿ ಎಲ್‌ಇಡಿಗಳು ಸೀರೀಸ್‌ನಲ್ಲಿ, ಒಂದರ ಹಿಂದೊಂದು ಇರ್ತವೆ. ಒಂದು ಸುಟ್ಟರೆ ಸಾಲೇ ಆರುತ್ತೆ. ಎಷ್ಟೋ ಸೆಟ್ಟಲ್ಲಿ ದೀಪ ಉರಿಸೋ ಡ್ರೈವರ್ ಸರ್ಕ್ಯೂಟು ದೋಷ ಗುರುತಿಸಿ ಎಲ್ಲಾ ದೀಪ ಬಂದ್ ಮಾಡಿಬಿಡುತ್ತೆ.

ಇನ್ನೊಂದು ಜಾತಿ ಬಿಳಿ ಚುಕ್ಕೆಯದ್ದು. ಬೆಳಕು ಹರಡಲಿ ಅಂತ ಪ್ರತಿ ಎಲ್‌ಇಡಿ ಮೇಲೂ ಅಂಗಿ ಗುಂಡಿಯಷ್ಟಗಲ ಪ್ಲಾಸ್ಟಿಕ್ ಲೆನ್ಸ್ ಅಂಟಿಸಿರ್ತಾರೆ. ಬಿಸಿಗೆ ಅಂಟು ಬಿಟ್ಟು ಲೆನ್ಸ್ ಉದುರಿ ತಳಕ್ಕೆ ಬೀಳುತ್ತೆ, ಆ ಜಾಗದಲ್ಲಿ ಬೆಳಕು ಚುಚ್ಚಿದ ಹಾಗೆ ಕಾಣುತ್ತೆ. ಲೆನ್ಸಿನ ಬೆಲೆ ಕವಡೆ ಕಾಸು. ಕಷ್ಟ ಇರೋದು ಅಲ್ಲಿಗೆ ಕೈ ಮುಟ್ಟಿಸೋದ್ರಲ್ಲಿ. 55 ಇಂಚಿನ ಗಾಜನ್ನ ಇಬ್ಬರು ಸಮ ಹಿಡಿದು ಎತ್ತಬೇಕು. ಅಂಚಿನ ರಿಬ್ಬನ್ ಕೇಬಲ್ ಒಂದು ಹರಿದರೂ ಪರದೆ ತುಂಬಾ ಉದ್ದ ಗೆರೆ. ಆಮೇಲೆ ಪ್ಯಾನೆಲ್ಲೇ ಬದಲಿಸಬೇಕು. ಅದರ ಲೆಕ್ಕ ಕೇಳಿದರೆ ಗಿರಾಕಿ ಹೊಸ ಟಿವಿ ಅಂಗಡಿಗೆ ನಡೀತಾನೆ.

ಇದಕ್ಕೆಲ್ಲ ಮೂಲ ಬಿಸಿ. ಅಂಗಡಿಯಲ್ಲಿ ಇಟ್ಟ ವಿವಿಡ್ ಮೋಡಲ್ಲೇ, ಬ್ಯಾಕ್‌ಲೈಟ್ ತುದಿಗೆ ಏರಿಸಿಕೊಂಡು ವರ್ಷಗಟ್ಟಲೆ ಓಡಿಸ್ತಾರೆ. ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಮೋಡಿಗೆ ಹಾಕಿ ಬ್ಯಾಕ್‌ಲೈಟ್ ಇಳಿಸಿ. ಚಿತ್ರವೂ ಸುಧಾರಿಸುತ್ತೆ, ಆಯಸ್ಸೂ ಹೆಚ್ಚುತ್ತೆ. ಬ್ರ್ಯಾಂಡ್ ಯಾವುದೇ ಇರಲಿ.

ಓಎಲ್‌ಇಡಿ_ಭಕ್ತ:
ಬ್ಯಾಕ್‌ಲೈಟೇ ಇಲ್ಲದ ಟಿವಿ ತಗೊಂಡ್ರೆ ಈ ತಲೆನೋವೇ ಇಲ್ಲ. ಸ್ವಲ್ಪ ದುಡ್ಡು ಸೇರಿಸಿ ಎಲ್‌ಜಿ ಓಎಲ್‌ಇಡಿ ತಗೊಳ್ಳಿ. ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗೋದು, ಕಪ್ಪು ಅಂದ್ರೆ ಆರಿದ ಕಪ್ಪು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಬ್ಬದ ಆಫರ್ ಕಾಯಿರಿ.

ಬೆಸುಗೆ_ಮಾಮ:
ಹಗಲು ಪೂರ್ತಿ ನ್ಯೂಸ್ ನೋಡೋ ಮನೆಗಾ? ಬೇಡ. ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲೋಗೋ ಪರದೆಯಲ್ಲಿ ಅಚ್ಚಾಗಿ ಅಲ್ಲೇ ಕೂತುಬಿಡುತ್ತೆ.

ಓಎಲ್‌ಇಡಿ_ಭಕ್ತ:
ಅದು ಹಳೇ ಕಥೆ ಮಾಮ. ಈಗ ಪಿಕ್ಸೆಲ್ ಶಿಫ್ಟ್ (ಚಿತ್ರವನ್ನ ಆಗಾಗ ಚೂರು ಸರಿಸೋದು), ಲೋಗೋ ಮಂಕು ಮಾಡೋದು ಎಲ್ಲಾ ಬಂದಿದೆ.

ಪಿಕ್ಸೆಲ್_ಪುರಾಣ:
ಹಳೇದಲ್ಲ. ಟಿವಿ ಪರೀಕ್ಷೆ ಮಾಡೋ ಕೆನಡಾದ ಆರ್‌ಟಿಂಗ್ಸ್‌ನವರು 2022ರ ಕೊನೆಯಲ್ಲಿ 100 ಟಿವಿ ಸಾಲಾಗಿಟ್ಟು ವರ್ಷಾನುಗಟ್ಟಲೆ ನ್ಯೂಸ್ ಚಾನೆಲ್ ಓಡಿಸಿದರು. ಓಎಲ್‌ಇಡಿಗಳಲ್ಲಿ ಅಚ್ಚು ಮೂಡಿತು. ಹಾಗಂತ ಎಲ್‌ಸಿಡಿ ಗೆದ್ದಿತು ಅಂತಲೂ ಅಲ್ಲ. ಅಂಚಿನಿಂದ ಬೆಳಕು ಹಾಯಿಸೋ ತೆಳು ಸೆಟ್ಟುಗಳಲ್ಲಿ ಬಿಸಿ ಒಂದೇ ಕಡೆ ಸೇರಿ ಒಳಗಿನ ಹಾಳೆ ಸೊಟ್ಟಗಾದವು, ಬೆಳಕು ಕಲೆ ಕಲೆಯಾಯಿತು. ಮಾಮ ಹೇಳಿದ ಬಿಸಿಯ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ. ಭಕ್ತರೇ, ನಿಮ್ಮ ಹಾಗೆ ರಾತ್ರಿ ಎರಡು ತಾಸು ಸಿನಿಮಾ ನೋಡೋರಿಗೆ ಓಎಲ್‌ಇಡಿ ರಾಜ, ಇಲ್ಲ ಅನ್ನಲ್ಲ. ಈ ಮನೆಗೆ ಅಲ್ಲ.

ಕುಡ್ಲದ_ಗಾಳಿ:
ನೀವೆಲ್ಲ ಚಿತ್ರದ್ದೇ ಮಾತಾಡ್ತೀರಲ್ಲ ಮಾರಾಯ್ರೆ, ಸರ್ವಿಸ್ ಯಾರು ಕೊಡುವುದು? ನಮ್ಮದು ಮಿನಿ ಎಲ್‌ಇಡಿಯೇ, ಬ್ರ್ಯಾಂಡ್ ಹೆಸರು ಬೇಡ. ಚಿತ್ರ ಬೊಂಬಾಟ್, ಅದಕ್ಕೆ ಎರಡು ಮಾತಿಲ್ಲ. ವಾರಂಟಿ ಒಳಗೇ ಬೋರ್ಡ್ ಹೋಯಿತು. ಪಾರ್ಟ್ ಬೆಂಗಳೂರಿಂದ ಬರಬೇಕು ಅಂತ ಹೇಳಿ ಮಳೆಗಾಲ ಅರ್ಧ ಮುಗಿಯುವ ತನಕ ಕಾಯಿಸಿದರು. ಬಂದ ಹುಡುಗ ಒಳ್ಳೆಯವನೇ, ಆದರೆ ಅವನೊಬ್ಬನೇ ಎರಡು ಜಿಲ್ಲೆಗೆ ಅಂತೆ. ನಮ್ಮ ಅಕ್ಕನ ಮನೆಯ ಕೊರಿಯಾ ಟಿವಿಗೆ ಕಂಪ್ಲೇಂಟ್ ಕೊಟ್ಟ ಮರುದಿನವೇ ಜನ ಬಂದದ್ದು.

ಧಾರವಾಡದಾಂವ:
ಹಾಂ, ಈಗ ಬಂತು ನೋಡ್ರಿ ಮಾತು ದಾರಿಗೆ.

ಪಿಕ್ಸೆಲ್_ಪುರಾಣ:
ಸರ್ವಿಸ್ ಊರಿಂದ ಊರಿಗೆ ಬೇರೆ. ಬೆಂಗಳೂರಲ್ಲಿ ಎಸ್‌ಪಿ ರೋಡಿಗೆ ಹೋದರೆ ಯಾವ ಬ್ರ್ಯಾಂಡಿನ ಬೋರ್ಡೂ ಹುಡುಕಬಹುದು. ಸಾಗರದಲ್ಲಿ ಆಗಲ್ಲ, ಒಪ್ಪಿದೆ. ಪಟ್ಟಿಯಲ್ಲಿರೋ ಪ್ರತಿ ಬ್ರ್ಯಾಂಡಿನ ಕಸ್ಟಮರ್ ಕೇರಿಗೆ ಈಗಲೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, "ಮನೆಗೆ ಬರೋ ಇಂಜಿನಿಯರ್ ಎಲ್ಲಿಂದ ಬರ್ತಾರೆ" ಅಂತ ಕೇಳಿ. ಶಿವಮೊಗ್ಗ ಅಂದ್ರೆ ಸರಿ. ಬೆಂಗಳೂರು ಅಂದ್ರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ನಾನೂ ತಗೊಳ್ಳಲ್ಲ.

ಸಾಗರದ_ಅಡಿಕೆ:
ಸ್ಯಾಮ್‌ಸಂಗಲ್ಲಿ ಡಾಲ್ಬಿ ವಿಷನ್ ಇಲ್ಲವಂತೆ, ಅದು ದೊಡ್ಡ ಕೊರತೆಯಾ? ಮತ್ತೆ ಮ್ಯಾಚ್ ನೋಡುವಾಗ ಭಾವನ ಮನೆ ಟಿವಿಯಲ್ಲಿ ಚೆಂಡು ತಡೆತಡೆದು ಹೋಗುತ್ತೆ. ನಮ್ಮ ಹಾಲಿನಲ್ಲಿ ಅಪ್ಪ ನೇರಕ್ಕೆ ಕೂರ್ತಾರೆ, ಅಮ್ಮ ಅಡುಗೆಮನೆ ಬಾಗಿಲ ಕಡೆಯಿಂದ ಪಕ್ಕಕ್ಕೆ ನೋಡೋದು.

ಪಿಕ್ಸೆಲ್_ಪುರಾಣ:
ಡಾಲ್ಬಿ ವಿಷನ್ (ದೃಶ್ಯ ದೃಶ್ಯಕ್ಕೂ ಬೆಳಕು, ಬಣ್ಣ ಹೊಂದಿಸೋ ತಂತ್ರ) ಇಲ್ಲ, ನಿಜ. ಅದೇ ಬಗೆಯ ಎಚ್‌ಡಿಆರ್10+ ಇದೆ, ನೆಟ್‌ಫ್ಲಿಕ್ಸ್ ಕೂಡ 2025ರಿಂದ ಅದನ್ನ ಕೊಡೋಕೆ ಶುರು ಮಾಡಿದೆ. ಈ ಬೆಲೆಯ ಟಿವಿಯ ಬೆಳಕಿನಲ್ಲಿ ಎರಡರ ವ್ಯತ್ಯಾಸ ಹುಡುಕೋದು ಹಠದ ಕೆಲಸ.

ಚೆಂಡಿನದ್ದು ಬಹುಶಃ ಟಿವಿಯ ತಪ್ಪಲ್ಲ. ನಮ್ಮ ಕ್ರಿಕೆಟ್ ಪ್ರಸಾರ ಸೆಕೆಂಡಿಗೆ 50 ಚಿತ್ರದ ಲೆಕ್ಕ. ಟಿವಿಗೆ ಚುಚ್ಚೋ ಸ್ಟಿಕ್ಕೋ ಬಾಕ್ಸೋ 60ಕ್ಕೆ ಕೂತಿದ್ದರೆ ಚಲನೆ ಎಡವುತ್ತೆ. ಭಾವನ ಮನೆ ಬಾಕ್ಸಿನ ಸೆಟ್ಟಿಂಗ್‌ನಲ್ಲಿ 50 ಹರ್ಟ್ಜ್ ಹಾಕಿ ನೋಡಿ, ಇಲ್ಲಾ ಫ್ರೇಮ್ ರೇಟ್ ಹೊಂದಿಸೋ ಆಯ್ಕೆ ಆನ್ ಮಾಡಿ.

ಅಮ್ಮ ಪಕ್ಕದಿಂದ ನೋಡೋದು ಮಾತ್ರ ದೊಡ್ಡ ವಿಷಯ, ಮೊದಲೇ ಹೇಳಬೇಕಿತ್ತು. ಎಲ್‌ಸಿಡಿ ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಅಂತ ಎರಡು ಜಾತಿ. ಕಪ್ಪು ಚೆನ್ನಾಗಿರೋ ವಿಎ ಪ್ಯಾನೆಲ್ ಪಕ್ಕದಿಂದ ಬಿಳಚಿಕೊಳ್ಳುತ್ತೆ. ಐಪಿಎಸ್ ಪಕ್ಕದಿಂದಲೂ ಸರಿಯಾಗಿ ಕಾಣುತ್ತೆ, ಕತ್ತಲೆ ಕೋಣೆಯಲ್ಲಿ ಬೂದಿ ಬೂದಿ. ನಾನು ಹೊಗಳಿದ ಮಿನಿ ಎಲ್‌ಇಡಿಗಳು ಬಹುಪಾಲು ವಿಎ.

ಧಾರವಾಡದಾಂವ:
ಅಂದ್ರ ಎಲ್‌ಜಿ ಐಪಿಎಸ್ ನೋಡ್ಲಿ ಅಂತೀರೇನು? ಸೋನಿ ಬಿಟ್ಟರ ನನಗೂ ಅದ ನಡೀತದ.

ಪಿಕ್ಸೆಲ್_ಪುರಾಣ:
ಹೆಸರಿಗಲ್ಲ, ಆ ಮಾಡೆಲ್ಲಿಗೆ. ಅದೇ ಮಾಡೆಲ್ 50 ಇಂಚಲ್ಲಿ ಒಂದು ಪ್ಯಾನೆಲ್, 55ರಲ್ಲಿ ಇನ್ನೊಂದು ಇರುತ್ತೆ. ಅಂಗಡಿಯಲ್ಲಿ ಹೋಮ್ ಮೋಡಿಗೆ ಹಾಕಿಸಿ, ಪೆನ್‌ಡ್ರೈವಲ್ಲಿ ನಿಮ್ಮದೇ ಒಂದು ರಾತ್ರಿ ದೃಶ್ಯ, ಒಂದು ಆರ್‌ಸಿಬಿ ಮ್ಯಾಚಿನ ತುಣುಕು ತಗೊಂಡು ಹೋಗಿ. ಅಮ್ಮ ಕೂರೋ ಕೋನಕ್ಕೆ ಸರಿದು ನಿಂತು ನೋಡಿ. ಚಿನ್ನಸ್ವಾಮಿಯ ಹುಲ್ಲು ಪೇಂಟ್ ಹೊಡೆದ ಹಸಿರಾಗಿ ಕಂಡರೆ ಇನ್ನೂ ವಿವಿಡ್‌ನಲ್ಲೇ ಇದೆ ಅಂತ ತಿಳೀರಿ.

ಸಾಗರದ_ಅಡಿಕೆ:
ಫೋನ್ ಮಾಡಿ ಆಯಿತು. ಎರಡು ಬ್ರ್ಯಾಂಡಿನವರು ಶಿವಮೊಗ್ಗ ಅಂದರು, ಒಬ್ಬರು ಸಾಗರದಲ್ಲೇ ಜನ ಇದಾರೆ ಅಂದರು, ಒಬ್ಬರು ಫೋನ್ ಹೋಲ್ಡ್‌ನಲ್ಲಿಟ್ಟು ಕಟ್ ಮಾಡಿದರು. ಆ ಕೊನೆಯವರನ್ನ ಬಿಟ್ಟೆ. ಉಳಿದ ಮೂವರ ಸೆಟ್ಟನ್ನ ಶನಿವಾರ ಶಿವಮೊಗ್ಗದಲ್ಲಿ ಅಮ್ಮನನ್ನೂ ಕರ್ಕೊಂಡು ಹೋಗಿ ನೋಡ್ತೀನಿ. ಮಾಮ, ಸ್ಟೆಬಿಲೈಜರ್ ಹಾಕಿಸಬೇಕಾ?

ಬೆಸುಗೆ_ಮಾಮ:
ಕಡಿಮೆ ವೋಲ್ಟೇಜಿಗೆ ಬೇಡ, ಈಗಿನ ಬಹುತೇಕ ಸೆಟ್ಟು 100ರಿಂದ 240 ವೋಲ್ಟ್‌ವರೆಗೂ ತಾನೇ ಸಂಭಾಳಿಸುತ್ತೆ. ಕೊಲ್ಲೋದು ನ್ಯೂಟ್ರಲ್ ತಂತಿ. ಅದು ಕಿತ್ತುಹೋದರೆ ಮನೆಗೆ 400 ವೋಲ್ಟ್‌ವರೆಗೂ ನುಗ್ಗಬಹುದು, ಪವರ್ ಬೋರ್ಡು ಹೊಗೆ. ಮೀಟರ್ ಹತ್ತಿರ ಓವರ್ ವೋಲ್ಟೇಜ್ ಕಟ್‌ಆಫ್ ಹಾಕಿಸಿ, ಅರ್ಥಿಂಗ್ ನೋಡಿಸಿ. ಸ್ಪೈಕ್ ಗಾರ್ಡ್ ಇದ್ದರೂ ಸಿಡಿಲಿನ ದಿನ ನಂಬಬೇಡಿ. ಪ್ಲಗ್ ಕಿತ್ತರೆ ಸಾಲದು, ಡಿಶ್ ಕೇಬಲ್ಲು, ಇಂಟರ್ನೆಟ್ ಕೇಬಲ್ಲೂ ಕೀಳಬೇಕು. ಮಲೆನಾಡಿಂದ ಬರೋ ಸೆಟ್ಟಲ್ಲಿ ಎಚ್‌ಡಿಎಂಐ ಕಡೆಯಿಂದ ಸತ್ತವೇ ಬೇಕಾದಷ್ಟು.

ಇನ್ನೊಂದು. ಡೆಲಿವರಿ ಬಂದಾಗ ಡಬ್ಬ ನೀವು ಒಡೆಯಬೇಡಿ, ಕಂಪನಿ ಹುಡುಗ ಬಂದೇ ಒಡೆಯಲಿ. ಮೊದಲ ಸಲ ಆನ್ ಆಗೋ ತನಕ ವಿಡಿಯೋ ಮಾಡಿ. ಗಾಜು ಒಡೆದದ್ದಕ್ಕೆ ವಾರಂಟಿ ಇಲ್ಲ. ಯಾರ ಕೈಯಲ್ಲಿ ಒಡೆಯಿತು ಅನ್ನೋ ಜಗಳಕ್ಕೆ ಆ ವಿಡಿಯೋ ಬಿಟ್ಟು ಬೇರೆ ಸಾಕ್ಷಿ ಸಿಗಲ್ಲ.

ಧಾರವಾಡದಾಂವ:
ಶನಿವಾರ ಹೋದಾಗ ಆ ಸೋನಿ ಒಮ್ಮೆ ಹಚ್ಚಿಸಿ ನೋಡ್ರಿ ಮತ್ತ. ಅವ್ವಾರನ್ನ ಕೇಳ್ರಿ, ಝೋನ್ ಪುರಾಣದಾಂವನ್ನ ಅಲ್ಲ.