ನಾಯ್‌ಗಾಂವ್ ಚಾಳಿನ ಕನ್ನಡ ನಿವಾಸಿಗಳು: ನಾಮಫಲಕದ ಕಳವು ಮತ್ತು ಉಳಿದಿರುವುದರ ದಾಖಲೆ
(ಮುಂಬಯಿಯ ನಿವಾಸಿಗಳ ಗುಂಪಿನ ಸಂದೇಶಗಳು. ಚಾಳು ಎಂದರೆ ಕಾರ್ಮಿಕರಿಗೆಂದು ಕಟ್ಟಿದ ಒಂದೊಂದೇ ಕೋಣೆಯ ಮನೆಗಳ ಕಟ್ಟಡ, ಖೋಲಿ ಎಂದರೆ ಆ ಕೋಣೆ.)

64ನೇ ಖೋಲಿ, ಬೆಳಿಗ್ಗೆ 5.20
ರಾತ್ರಿ ಎರಡು ಗಂಟೆಯಿಂದ ನಾನು ಕಣ್ಣು ಮುಚ್ಚಿಲ್ಲ. ಕೆಡವಿ ಹೊಸ ಗೋಪುರ ಕಟ್ಟಲೆಂದು ಖಾಲಿ ಮಾಡಿಸಿದ ಪಕ್ಕದ ಕಟ್ಟಡಕ್ಕೆ ನಾಲ್ಕೈದು ಮಂದಿ ಗ್ಯಾಸ್ ಕಟರ್ ಹಿಡಿದು ನುಗ್ಗಿ, ಮೆಟ್ಟಿಲಿನ ಕಬ್ಬಿಣದ ಕಟಾಂಜನವನ್ನು ಮಹಡಿ ಮಹಡಿಯಾಗಿ ಕತ್ತರಿಸಿ ಕೆಳಗೆ ಎಸೆಯುತ್ತಿದ್ದರು. ನಾನು ಕಿಟಕಿಯಿಂದ ಎಷ್ಟು ಕೂಗಿದರೂ ಈ ಕಟ್ಟಡದ ಒಂದು ದೀಪವೂ ಹೊತ್ತಲಿಲ್ಲ. ಬೆಳಕು ಹರಿಯುವ ಮೊದಲೇ ಹೋಗಿ ನೋಡಿದೆ. ಕಟಾಂಜನ ಹೋಗಿದೆ, ಖೋಲಿಗಳ ಬಾಗಿಲುಗಳು ಹೋಗಿವೆ, ಕೆಳಗಿನ ಪ್ರವೇಶದಲ್ಲಿದ್ದ ನಾಮಫಲಕವೂ ಹೋಗಿದೆ. ಎಂಬತ್ತು ಹೆಸರುಗಳ ಆ ಫಲಕದಲ್ಲಿ ಹನ್ನೊಂದು ಹೆಸರುಗಳ ಕೆಳಗೆ ಕನ್ನಡದಲ್ಲೂ ಬರೆದಿತ್ತೆಂಬುದು ನಿಮಗೆಲ್ಲರಿಗೂ ಗೊತ್ತು. ಗೋಡೆಯ ಮೇಲೆ ಈಗ ನಾಲ್ಕು ಮೊಳೆಯ ತೂತುಗಳೂ ಬಣ್ಣ ಮಾಸದ ಒಂದು ಚೌಕವೂ ಉಳಿದಿವೆ. ಇದಕ್ಕೆ ಯಾರು ಉತ್ತರ ಕೊಡುತ್ತೀರಿ?

12ನೇ ಖೋಲಿ, 6.05
ಅಕ್ಕಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಕೇಳಬೇಕಾದವರನ್ನು ಕೇಳಿ. ಕಟ್ಟಡ ಖಾಲಿಯಾದ ದಿನವೇ ಕೆಳಗಿನ ಜಾಳಿಗೆಯ ಬಾಗಿಲಿಗೆ ಬೀಗ ಹಾಕಬೇಕೆಂದು ನಾನು ಮೂರು ಸಲ ಹೇಳಿದ್ದೆ. ಬೀಗದ ಕೈ ಯಾರ ಬಳಿ ಇತ್ತೆಂಬುದನ್ನು 33ನೇ ಖೋಲಿಯವರು ಮೊದಲು ಹೇಳಲಿ.

33ನೇ ಖೋಲಿ, 6.20
ಬೀಗದ ಕೈಯನ್ನು ನಾನು ಕಾವಲುಗಾರನಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡಿದ್ದೇನೆ. ಲೆಕ್ಕದ ಮಾತನ್ನೇ ಎತ್ತುವುದಾದರೆ, ಕಟ್ಟಡಕ್ಕೆ ಬಣ್ಣ ಬಳಿಸಲು ಕೂಡಿಸಿದ ವಂತಿಗೆಯ ಲೆಕ್ಕವೂ ಇದೇ ಗುಂಪಿನಲ್ಲಿ ಬರಬೇಕು.

12ನೇ ಖೋಲಿ, 6.24
ಆ ಲೆಕ್ಕವನ್ನು ಸಭೆಯಲ್ಲಿ ಓದಿ ಒಪ್ಪಿಗೆ ಪಡೆದಿದ್ದೇನೆ. ಆ ದಿನ ಸಭೆಗೆ ಬಾರದವರು ಇಂದು ಕೇಳುವುದು ಸರಿಯಲ್ಲ.

71ನೇ ಖೋಲಿ, ಈಗ ಬಾಡಿಗೆ ಮನೆಯಲ್ಲಿ, 7.10
ದಯವಿಟ್ಟು ಹಳೆಯ ಜಗಳವನ್ನು ಬದಿಗಿಡಿ. ಆ ಫಲಕದ ಕನ್ನಡ ಅಕ್ಷರಗಳನ್ನು ಬರೆದವರು ಯಾರೆಂದು ನನಗೆ ಗೊತ್ತು. ಹಗಲಿಡೀ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಇಬ್ಬರು ಹುಡುಗರು ಅದನ್ನು ಬರೆದರು. ನಮ್ಮ ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ತಿದ್ದುವುದು ಬೇಡ, ಹುಡುಗರ ಕೈಬರಹ ಹಾಗೆಯೇ ಇರಲಿ ಎಂದು ತಂದೆಯವರೇ ಹೇಳಿದರು. ಊರಿನಿಂದ ಬಂದ ನೆಂಟರು ಮರಾಠಿ ಓದಲಾರದೆ ಆ ಹನ್ನೊಂದು ಸಾಲುಗಳನ್ನು ನೋಡಿಯೇ ಮೇಲೆ ಹತ್ತುತ್ತಿದ್ದರು. ಯಾರ ಬಳಿಯಾದರೂ ಫಲಕದ ಫೋಟೋ ಇದ್ದರೆ ಹಾಕಿ.

31ನೇ ಖೋಲಿ, 7.32
ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: “ಮುಂಬಯಿಯ ಚಾಳುಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದೆ. ಪ್ರತಿಯೊಬ್ಬ ಮುಂಬಯಿಗನೂ ಇದನ್ನು ಹತ್ತು ಜನರಿಗೆ ತಲುಪಿಸಲಿ.” ಹಾಗಿದ್ದ ಮೇಲೆ ಕೆಡವುವುದು ಹೇಗೆ ಸಾಧ್ಯ?

47ನೇ ಖೋಲಿ, 8.15
ಮಾವ, ಅದು ಸುಳ್ಳು ಸುದ್ದಿ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು. ನಮ್ಮ ಚಾಳುಗಳು ಅದರಲ್ಲಿಲ್ಲ. ಆದರೆ ಕಾರ್ಮಿಕರಿಗೆಂದು ಕಟ್ಟಿದ ಮನೆಗಳು ಆ ಪಟ್ಟಿಗೆ ಸೇರಲಾರವು ಎಂದೇನೂ ಇಲ್ಲ. ಬರ್ಲಿನ್ ನಗರದ ಆರು ವಸತಿ ಬಡಾವಣೆಗಳು 2008ರಲ್ಲಿಯೇ ಸೇರಿವೆ. ಅವುಗಳಲ್ಲಿ ಒಂದನ್ನು ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಕುದುರೆಲಾಳದ ಆಕಾರದಲ್ಲಿ ವಿನ್ಯಾಸ ಮಾಡಿದರು. ನಡುವೆ ಕೊಳ, ಸುತ್ತ ಮನೆಗಳು. ಅದರ ಕೆಲಸ ಶುರುವಾದದ್ದು 1925ರಲ್ಲಿ, ಅಂದರೆ ನಮ್ಮ ಚಾಳುಗಳು ಎದ್ದ ದಶಕದಲ್ಲಿಯೇ. ಬಾಗಿಲು, ಕಿಟಕಿ, ಗೋಡೆಗಳಿಗೆ ಮೊದಲು ಯಾವ ಬಣ್ಣವಿತ್ತೋ ಅದನ್ನೇ ಇಂದಿಗೂ ಕಾಪಾಡಿಕೊಂಡು ಜನ ಅಲ್ಲಿ ಸಂಸಾರ ಮಾಡುತ್ತಿದ್ದಾರೆ. ನಾನು ವಾಸ್ತುಶಿಲ್ಪ ಓದುತ್ತಿರುವುದರಿಂದ ಇಷ್ಟು ಹೇಳಿದೆ.

12ನೇ ಖೋಲಿ, 8.22
ಮಗಳೇ, ನೀನು ಓದಿದವಳು, ಸಂತೋಷ. ಆದರೆ ಒಂದು ಮಾತಿಗೆ ಉತ್ತರ ಕೊಡು. ಬರ್ಲಿನ್ನಿನ ಆ ಮನೆಗಳಲ್ಲಿ ಶೌಚಾಲಯ ಒಳಗಿತ್ತೋ ಹೊರಗಿತ್ತೋ? ನನ್ನ ತಾಯಿ ಎಂಬತ್ತರ ವಯಸ್ಸಿನಲ್ಲಿ ಮಳೆಗಾಲದ ರಾತ್ರಿ ಬಕೆಟ್ ಹಿಡಿದು ಹಜಾರದ ಉದ್ದಕ್ಕೂ ನಡೆದಿದ್ದಾರೆ. 160 ಚದರಡಿಯಲ್ಲಿ ನಾವು ಒಂಬತ್ತು ಜನ ಮಲಗಿದ್ದೇವೆ. 2025ರ ಆಗಸ್ಟ್ 14ರಂದು ವರ್ಲಿಯ ಇಂಥದೇ ಚಾಳುಗಳ 556 ಕುಟುಂಬಗಳಿಗೆ ಹೊಸ ಮನೆಯ ಬೀಗದ ಕೈ ಸಿಕ್ಕಿತು, ಒಂದೊಂದೂ 500 ಚದರಡಿಯ ಮನೆ. ನಮ್ಮ ಸರದಿ ಬರುವ ಹೊತ್ತಿಗೆ ಯಾರಾದರೂ ಪರಂಪರೆಯ ಹೆಸರಿನಲ್ಲಿ ತಡೆಯಾಜ್ಞೆ ತಂದರೆ ನಾನು ಸುಮ್ಮನಿರುವುದಿಲ್ಲ.

19ನೇ ಖೋಲಿ, 8.25
12ನೇ ಖೋಲಿಯವರ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ.

5ನೇ ಖೋಲಿ, 8.26
ನನ್ನದೂ ಬೆಂಬಲ.

47ನೇ ಖೋಲಿ, 9.02
ಮಾವ, ಅಲ್ಲಿ ಶೌಚಾಲಯ, ಸ್ನಾನದ ಕೋಣೆ ಎಲ್ಲವೂ ಮನೆಯೊಳಗೇ ಇದ್ದವು. ನಿಮ್ಮ ಪ್ರಶ್ನೆ ವಿಷಯದ ಬುಡಕ್ಕೇ ಕೈಹಾಕಿದೆ. ಅಲ್ಲಿಯದನ್ನು ವಾಸಿಸುವವರ ಸುಖ ಲೆಕ್ಕಹಾಕಿ ಕಟ್ಟಿದರು, ನಮ್ಮದನ್ನು ಖರ್ಚು ಲೆಕ್ಕಹಾಕಿ ಕಟ್ಟಿದರು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಈ ಚಾಳುಗಳನ್ನು ಕಟ್ಟಿದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಹುಟ್ಟಿದಾಗ 50,000 ಖೋಲಿಗಳ ಯೋಜನೆಯಿತ್ತು, ಅದಕ್ಕಾಗಿ ನಗರಕ್ಕೆ ಬರುವ ಹತ್ತಿಯ ಪ್ರತಿ ಮೂಟೆಗೆ ಒಂದು ರೂಪಾಯಿ ತೆರಿಗೆ ಹಾಕಿದರು. ಕೊನೆಗೆ ಎದ್ದದ್ದು ನಾಲ್ಕು ಕಡೆ 207 ಕಟ್ಟಡಗಳು: ವರ್ಲಿಯಲ್ಲಿ 121, ನಮ್ಮಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಬಾಡಿಗೆ ಎಟುಕದೆ ಮೊದಲ ವರ್ಷಗಳಲ್ಲಿ ಎಷ್ಟೋ ಖೋಲಿಗಳು ಖಾಲಿ ಬಿದ್ದಿದ್ದವು. ಕಾನೂನು ಭಂಗ ಚಳವಳಿಯ ದಿನಗಳಲ್ಲಿ ವರ್ಲಿಯ ಚಾಳುಗಳನ್ನು ಸತ್ಯಾಗ್ರಹಿಗಳ ಸೆರೆಮನೆಯಾಗಿಯೂ ಬಳಸಿದರು. ಆದ್ದರಿಂದ ಈ ಚಾಳುಗಳು ಸುಖದ ಮನೆಗಳು ಎಂದು ನಾನು ಎಂದೂ ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಇಲ್ಲಿ ಒಂದು ಕಟ್ಟಡವಾದರೂ ಅದರ ಹಜಾರ, ಮೋರಿ (ಖೋಲಿಯೊಳಗಿನ ಬಚ್ಚಲ ಮೂಲೆ), ಮೆಟ್ಟಿಲು ಸಮೇತ ಉಳಿಯಲಿ. ಅದಾಗದಿದ್ದರೆ ಕೆಡವುವ ಮೊದಲು ಪ್ರತಿಯೊಂದರ ಅಳತೆ ತೆಗೆದು ನಕ್ಷೆ ಮಾಡಿಡೋಣ.

58ನೇ ಖೋಲಿ, 9.40
ನಾನು ಮೂವತ್ತು ವರ್ಷ ಕಟ್ಟಡ ದುರಸ್ತಿಯ ಕೆಲಸ ಮಾಡಿದವನು. ನೂರು ವರ್ಷದ ಕಾಂಕ್ರೀಟಿನ ಸ್ಥಿತಿಯನ್ನು ಭಾವನೆಯಿಂದ ಅಳೆಯಲಾಗದು. ಗಾಳಿಯ ಇಂಗಾಲಾಮ್ಲವೂ ಕಡಲ ಉಪ್ಪೂ ಒಳಗಿಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮೇಲಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ನಿಮ್ಮ ಛಾವಣಿಯಿಂದ ಊಟದ ತಟ್ಟೆಗೆ ಬೀಳುವ ಚಕ್ಕೆಗಳು ಅವೇ. ಎಲ್ಲ ಕಟ್ಟಡಗಳನ್ನೂ ಹೀಗೆಯೇ ಉಳಿಸಿ ಎನ್ನುವವರ ಜೊತೆ ನಾನು ನಿಲ್ಲುವುದಿಲ್ಲ. ಆದರೆ ಸ್ಥಿತಿ ಚೆನ್ನಾಗಿರುವ ಒಂದು ಕಟ್ಟಡವನ್ನು ಆರಿಸಿ, ಸಡಿಲ ಕಾಂಕ್ರೀಟನ್ನು ಕಿತ್ತು, ಸರಳಿನ ತುಕ್ಕು ತೆಗೆದು, ಕಂಬಗಳಿಗೆ ಹೊಸ ಹೊದಿಕೆ ಕಟ್ಟಿ, ಎರಡೆರಡು ಖೋಲಿ ಕೂಡಿಸಿ ಒಳಗೇ ಶೌಚಾಲಯ ಕೊಡುವುದು ಅಸಾಧ್ಯವಲ್ಲ. ಖರ್ಚು ಬಹಳ ಬರುತ್ತದೆ, ಅದನ್ನು ಯಾರು ಹೊರುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

12ನೇ ಖೋಲಿ, 9.44
ಖರ್ಚು ಹೊರುವವರಿಲ್ಲ. ವಿಷಯ ಮುಗಿಯಿತು.

64ನೇ ಖೋಲಿ, 10.10
ಮುಗಿದಿಲ್ಲ. ನನಗೂ ಹೊಸ ಮನೆ ಬೇಕು. ನಾನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು, ನನ್ನ ಸೊಸೆ ಇನ್ನೂ ಪರದೆಯ ಹಿಂದೆ ಸೀರೆ ಬದಲಾಯಿಸುವುದನ್ನು ದಿನವೂ ನೋಡುತ್ತಿರುವವಳು. ಆದರೆ ಈ ಹಜಾರವಿಲ್ಲದಿದ್ದರೆ ನನ್ನ ಮಕ್ಕಳನ್ನು ಯಾರು ಸಾಕುತ್ತಿದ್ದರು? ಎರಡೂ ಬದಿಗೆ ಹತ್ತು ಹತ್ತು ಬಾಗಿಲು, ಎಲ್ಲವೂ ತೆರೆದೇ ಇರುತ್ತಿದ್ದವು. ನಾನು ಕೆಲಸದಿಂದ ಬರುವುದು ತಡವಾದರೆ ಎದುರಿನ ಮರಾಠಿ ಬಾಯಿ ನನ್ನ ಮಗುವಿಗೆ ಉಣಿಸಿ, ತನ್ನ ಮಗುವಿನ ಮಗ್ಗುಲಲ್ಲೇ ಮಲಗಿಸಿರುತ್ತಿದ್ದಳು. ಕಟ್ಟಡ ಕಟ್ಟಡದ ನಡುವಿನ ಮೈದಾನದಲ್ಲಿ ಕಬಡ್ಡಿ, ಮದುವೆಯ ಚಪ್ಪರ, ಗಣಪತಿ, ಏಪ್ರಿಲ್ 14ರ ಭೀಮ ಜಯಂತಿ ಎಲ್ಲವೂ ನಡೆದವು. ಆರ್ಕಿಟೆಕ್ಚರ್ ಎಂದರೆ ಗೋಡೆಯ ಅಂದ ಮಾತ್ರವೆಂದು ತಿಳಿಯಬೇಡಿ. ಬಾಗಿಲು ಯಾವ ಕಡೆ ತೆರೆಯುತ್ತದೆ, ತೆರೆದಾಗ ಎದುರಿಗೆ ಯಾರ ಮುಖ ಕಾಣುತ್ತದೆ ಎಂಬುದೂ ಅದೇ. ಹೊಸ ಗೋಪುರದ ನಕ್ಷೆಯಲ್ಲಿ ಇದಕ್ಕೆ ಎಲ್ಲಿ ಜಾಗವಿದೆ ಎಂದು ನಾವು ಒಂದು ಸಲವೂ ಒಟ್ಟಾಗಿ ಕೇಳಿಲ್ಲ.

33ನೇ ಖೋಲಿ, 10.31
ಅಕ್ಕ ಹೇಳಿದ್ದು ಸರಿ. ಪರಳದ ಬಿಐಟಿ ಚಾಳನ್ನು ನೋಡಿ. ಬಾಬಾಸಾಹೇಬ್ ಅಂಬೇಡ್ಕರರ ಮನೆ 1912ರಿಂದ 1934ರವರೆಗೆ ಅಲ್ಲಿಯೇ ಇತ್ತು. ಆ ಚಾಳನ್ನು ಕಟ್ಟಿದ ಬಿಐಟಿ, ಅಂದರೆ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ್ದು. ಅಂಥ ಖೋಲಿಯಲ್ಲಿ ಕುಳಿತು ಅವರು ಓದಿದ್ದು ಹೇಗೆಂದು ಮುಂದಿನ ಮಕ್ಕಳಿಗೆ ತೋರಿಸಬೇಕಾದರೆ ಖೋಲಿಯೇ ಇರಬೇಕು, ಪುಸ್ತಕದ ಚಿತ್ರ ಸಾಲದು.

12ನೇ ಖೋಲಿ, 10.40
ಮಹಾಪುರುಷರ ಖೋಲಿಯ ಮಾತು ಬೇರೆ, ನಮ್ಮ ನಿಮ್ಮ ಖೋಲಿಯ ಮಾತು ಬೇರೆ. ಬೀಗದ ಕೈಯ ಪ್ರಶ್ನೆಗೆ 33ನೇ ಖೋಲಿಯವರು ಇನ್ನೂ ಉತ್ತರ ಕೊಟ್ಟಿಲ್ಲ ಎಂಬುದನ್ನು ಎಲ್ಲರೂ ಗಮನಿಸಬೇಕು.

33ನೇ ಖೋಲಿ, 10.43
ಸಹಿಯ ಕಾಗದದ ಫೋಟೋ ಹಾಕಿದ್ದೇನೆ, ನೋಡಿ. ಕಾವಲುಗಾರ ರಾತ್ರಿ ಎಲ್ಲಿ ಹೋಗಿದ್ದನೆಂದು ಅವನನ್ನು ನೇಮಿಸಿದವರೇ ಹೇಳಬೇಕು.

47ನೇ ಖೋಲಿ, 11.15
ಇನ್ನೊಂದು ಮಾತನ್ನು ಸೇರಿಸುತ್ತೇನೆ. ಗೋಡೆ ಉಳಿದರೂ ಜನ ಉಳಿಯದಂತೆ ಆಗುವ ಅಪಾಯವಿದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಪಾರ್ಕ್ ಹಿಲ್ ಎಂಬ ಸರ್ಕಾರಿ ವಸತಿ ಸಮುಚ್ಚಯಕ್ಕೆ 1998ರಲ್ಲಿ ಸಂರಕ್ಷಣೆ ಸಿಕ್ಕಿತು. ನಂತರ ಅದನ್ನು ನವೀಕರಿಸಿದಾಗ ಅನೇಕ ಮನೆಗಳು ಮಾರುಕಟ್ಟೆಯಲ್ಲಿ ಮಾರಾಟವಾದವು. ವಿಯೆನ್ನಾದ ಕಾರ್ಲ್ ಮಾರ್ಕ್ಸ್ ಹೋಫ್ ಹಾಗಲ್ಲ. 1930ರಲ್ಲಿ ಉದ್ಘಾಟನೆಯಾದ, ಒಂದು ಕಿಲೋಮೀಟರಿಗೂ ಉದ್ದವಾದ ಆ ಕಟ್ಟಡ ಇಂದಿಗೂ ನಗರಸಭೆಯ ಬಾಡಿಗೆ ಮನೆಗಳಾಗಿಯೇ ಉಳಿದಿದೆ. ನಮ್ಮಲ್ಲಿ ಉಳಿಯುವ ಒಂದು ಕಟ್ಟಡ ಹೊರಗಿನವರು ಬಂದು ಫೋಟೋ ತೆಗೆಯುವ ಜಾಗ ಮಾತ್ರ ಆಗಬಾರದು. ಅಲ್ಲಿ ವಾಚನಾಲಯ, ಅಂಗನವಾಡಿ, ರಾತ್ರಿಶಾಲೆ ನಡೆಯಲಿ.

71ನೇ ಖೋಲಿ, 11.40
ಫಲಕದ ಫೋಟೋ ನನ್ನ ತಂಗಿಯ ಮದುವೆಯ ಆಲ್ಬಮಿನಲ್ಲಿ ಸಿಕ್ಕಿತು. ದಿಬ್ಬಣದವರ ಹಿಂದೆ ಅರ್ಧ ಫಲಕ ಕಾಣುತ್ತದೆ. ಕನ್ನಡದ ಹನ್ನೊಂದು ಹೆಸರುಗಳಲ್ಲಿ ಆರು ಸ್ಪಷ್ಟವಾಗಿವೆ, ಏಳನೆಯದರ ಮೇಲೆ ಬ್ಯಾಂಡಿನವನ ಪೇಟ ಅಡ್ಡ ಬಂದಿದೆ. ಉಳಿದ ನಾಲ್ಕು ಹೆಸರುಗಳನ್ನು ನೆನಪಿರುವವರು ಬರೆಯಿರಿ.

64ನೇ ಖೋಲಿ, 12.05
ನನ್ನ ಸೂಚನೆ ಹೀಗಿದೆ. ಇಂದೇ ಠಾಣೆಗೆ ಹೋಗಿ ಕಳವಿನ ದೂರು ಕೊಡೋಣ. ಭಾನುವಾರ ಸಂಜೆ ನಾಲ್ಕಕ್ಕೆ ಎಲ್ಲರೂ ನಮ್ಮ ಕಟ್ಟಡದ ಕೆಳಗೆ ಸೇರಿ ಹಜಾರ, ಮೆಟ್ಟಿಲು ಮತ್ತು ಒಂದು ಖೋಲಿಯ ಅಳತೆ ತೆಗೆಯೋಣ. 47ನೇ ಖೋಲಿಯ ಹುಡುಗಿ ನಕ್ಷೆ ಬರೆಯುತ್ತಾಳೆ, 58ನೇ ಖೋಲಿಯ ಅಣ್ಣ ಕಟ್ಟಡದ ಸ್ಥಿತಿ ನೋಡುತ್ತಾರೆ. ಒಂದು ಕಟ್ಟಡವನ್ನು ಉಳಿಸಬೇಕೆಂದು ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾಕ್ಕೆ ಕೊಡುವ ಮನವಿಯನ್ನು ಮರಾಠಿಯಲ್ಲಿ ನಾನೇ ಬರೆಯುತ್ತೇನೆ. ಯಾರು ಯಾರು ಬರುತ್ತೀರಿ?

58ನೇ ಖೋಲಿ, 12.12
ಬರುತ್ತೇನೆ.

31ನೇ ಖೋಲಿ, 12.20
ಭಾನುವಾರ ಬೇಡ, ಅಂದು ಊರಿನಿಂದ ನೆಂಟರು ಬರುತ್ತಾರೆ. ಶನಿವಾರ ಇಟ್ಟರೆ ನೋಡುತ್ತೇನೆ.

12ನೇ ಖೋಲಿ, 12.28
ಭಾನುವಾರ ಐದಕ್ಕೆ ನಾನು ಬೇರೆ ಸಭೆ ಕರೆದಿದ್ದೇನೆ. ಕಟ್ಟಡ ಬಿಟ್ಟುಕೊಡುವವರ ಬಾಡಿಗೆ ಹಣದ ದಾಖಲೆ ಮತ್ತು ಮನೆ ಹಂಚಿಕೆಯ ಲಾಟರಿ, ಇವೆರಡೇ ವಿಷಯ. ಮನವಿಯ ಮಾತನ್ನು ಕೊನೆಯಲ್ಲಿ ಸಮಯ ಉಳಿದರೆ ತೆಗೆದುಕೊಳ್ಳೋಣ.

19ನೇ ಖೋಲಿ, 12.31
ಲಾಟರಿಯಲ್ಲಿ ವಯಸ್ಸಾದವರಿಗೆ ಕೆಳಗಿನ ಮಹಡಿ ಕೊಡುವಂತೆ ಕೇಳಲು ಅವಕಾಶವಿದೆಯೇ?

5ನೇ ಖೋಲಿ, 12.33
ಹೊಸ ಮನೆಯಲ್ಲಿ ಲಿಫ್ಟಿನ ಖರ್ಚು ಯಾರದು? ತಿಂಗಳಿಗೆ ಎಷ್ಟು ಕಟ್ಟಬೇಕಾಗುತ್ತದೆ?

12ನೇ ಖೋಲಿ, 12.36
ಎಲ್ಲವನ್ನೂ ಸಭೆಯಲ್ಲಿ ವಿವರಿಸುತ್ತೇನೆ. ಬಾಡಿಗೆ ರಶೀದಿ, ವಿದ್ಯುತ್ ಬಿಲ್ಲು, ರೇಷನ್ ಕಾರ್ಡು ತಪ್ಪದೆ ತನ್ನಿ. ಖೋಲಿ ತಂದೆಯ ಹೆಸರಿನಲ್ಲೇ ಇದ್ದರೆ ವಾರಸುದಾರರ ಕಾಗದವೂ ಬೇಕು.

64ನೇ ಖೋಲಿ, ಭಾನುವಾರ ಸಂಜೆ 4.50
ನಾನು, 47ನೇ ಖೋಲಿಯ ಹುಡುಗಿ ಮತ್ತು 58ನೇ ಖೋಲಿಯ ಅಣ್ಣ ಮೂವರೇ ಸೇರಿ ಮೂರನೇ ಮಹಡಿಯ ಹಜಾರದ ಅಳತೆ ಮುಗಿಸಿದೆವು. ಟೇಪು ಹಿಡಿಯಲು ಇನ್ನೊಂದು ಕೈ ಬೇಕಾಗಿದ್ದರಿಂದ ಎದುರಿನ ಬಾಯಿಯ ಮೊಮ್ಮಗ ನಿಂತ. ಮೆಟ್ಟಿಲು ಮತ್ತು ಖೋಲಿಯ ಅಳತೆ ಬಾಕಿ ಇದೆ. ನನ್ನ ಮೋರಿಯ ಕಲ್ಲಿನಲ್ಲಿ ನೀರಿನ ಹಂಡೆ ಇಟ್ಟೂ ಇಟ್ಟೂ ಬಿದ್ದಿರುವ ಗುಂಡಗಿನ ಗುಳಿಯನ್ನೂ ಆಕೆ ನಕ್ಷೆಯಲ್ಲಿ ಗುರುತು ಹಾಕುತ್ತೇನೆ ಎಂದಿದ್ದಾಳೆ. 71ನೇ ಖೋಲಿಯ ಅಣ್ಣಾ, ಎಂಟನೆಯ ಹೆಸರು ನನಗೆ ನೆನಪಾಯಿತು, ನಿಮಗೆ ಬೇರೆಯಾಗಿ ಕಳುಹಿಸಿದ್ದೇನೆ.

19ನೇ ಖೋಲಿ, 4.56
ಸಭೆ ಐದಕ್ಕೇ ಶುರುವಾಗುತ್ತದೆಯೇ? ರೇಷನ್ ಕಾರ್ಡಿನ ಝೆರಾಕ್ಸ್ ಎರಡು ಪ್ರತಿ ಸಾಕೇ, ಮೂರು ಬೇಕೇ?