ಓಟಿಸ್ ರೆಡ್ಡಿಂಗ್ ಕೊನೆಯಲ್ಲಿ ಸಿಳ್ಳೆ ಹಾಕಿದ್ದು ಸಾಲು ಮರೆತುಹೋಗಿದ್ದಕ್ಕಾ?

ಬಿ-ಸೈಡ್ ಬಸು:

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಅನುಮಾನ ಇದೆ. ನಾನು ಕಾಲೇಜಿನಲ್ಲಿದ್ದಾಗ ನಮ್ಮೂರಿನ ಒಂದು ಅಂಗಡಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ನನ್ನ ಕ್ಯಾಸೆಟ್‌ನ ಎ ಸೈಡಿನ ಕೊನೇ ಹಾಡು ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಅವರ 'ಡಾಕ್ ಆಫ್ ದ ಬೇ' (ಅಂದ್ರೆ ಕೊಲ್ಲಿಯ ಹಡಗುಕಟ್ಟೆ). ಸಿಳ್ಳೆ ಶುರುವಾಗಿ ಎರಡು ಸೆಕೆಂಡ್ ಆಗುವಷ್ಟರಲ್ಲಿ ಟೇಪ್ ಮುಗಿದು ಪ್ಲೇ ಬಟನ್ ಟಕ್ ಅಂತ ಮೇಲೇಳುತ್ತಿತ್ತು. ಹಾಡು ಮುಗಿಯುವುದೇ ಹಾಗೆ ಅಂತ ಹತ್ತು ವರ್ಷ ನಂಬಿದ್ದೆ. ಸಿಡಿಯಲ್ಲಿ ಪೂರ್ತಿ ಸಿಳ್ಳೆ ಕೇಳಿದಾಗ ಇದ್ಯಾರೋ ಆಮೇಲೆ ಸೇರಿಸಿದ್ದಾರೆ ಅನ್ನಿಸಿತ್ತು!

ಮೊನ್ನೆ ಗೆಳೆಯನೊಬ್ಬ ಹೇಳಿದ, ಅಲ್ಲಿ ಹಾಡಬೇಕಿದ್ದ ಸಾಲು ಓಟಿಸ್‌ಗೆ ಮರೆತುಹೋಯಿತಂತೆ, ಅದಕ್ಕೇ ಸಿಳ್ಳೆ ಹಾಕಿದರಂತೆ, ತಿದ್ದುವ ಮೊದಲೇ ತೀರಿಕೊಂಡರಂತೆ. ನಿಜಾನಾ, ಸುಮ್ನೆ ಕಟ್ಟಿದ ಕಥೆನಾ?

ನಾಕು ತಂತಿ:

ನಿಜ. ಜೊತೆಗೆ ಹಾಡು ಬರೆದು ಗಿಟಾರ್ ನುಡಿಸಿದ ಸ್ಟೀವ್ ಕ್ರಾಪರ್ ಅವರೇ ಹೇಳಿದ್ದಾರೆ. ಕೊನೆಗೆ ನಾಲ್ಕು ಮಾತು ಅಂತ ಇಟ್ಟುಕೊಂಡಿದ್ದರು, ಓಟಿಸ್ ಮರೆತು ಸಿಳ್ಳೆ ಹಾಕಿದರು. ಅಷ್ಟೇ.

ಫೇಡರ್ ಮೇಷ್ಟ್ರು:

ಅಷ್ಟೇ ಅಲ್ಲ ಸಾರ್. ನಾನು ಇಪ್ಪತ್ತು ವರ್ಷದಿಂದ ಸೀರಿಯಲ್‌ಗಳಿಗೆ ಸೌಂಡ್ ಮಿಕ್ಸ್ ಮಾಡಿಕೊಂಡು ಬಂದವನು, ಈ ಹಾಡು ಅಂದ್ರೆ ನನಗೆ ಒಂಥರಾ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಆ ಸೆಷನ್‌ನ ಬೇರೆ ಟೇಕ್‌ಗಳೂ ಆಮೇಲೆ ಹೊರಗೆ ಬಂದಿವೆ. ಹುಡುಕಿ ಕೇಳಿ. ಅಲ್ಲೂ ಸಿಳ್ಳೆ ಇದೆ, ಪಕ್ಕಾ ಬೇಸುರ. ಎಂಜಿನಿಯರ್ ರಾನಿ ಕಪೋನ್, ಸಿಳ್ಳೆ ನಂಬಿಕೊಂಡರೆ ಉದ್ಧಾರ ಆಗಲ್ಲ ಅನ್ನೋ ಧಾಟಿಯಲ್ಲಿ ರೇಗಿಸುತ್ತಾರೆ. ಹಾಗಾಗಿ ಮೊದಲ ಸಲ ಮರೆತೇ ಹಾಕಿರಬಹುದು, ಕ್ರಾಪರ್ ಮಾತನ್ನು ನಾನು ತಳ್ಳಿಹಾಕಲ್ಲ. ಆದರೆ ಒಂದಕ್ಕಿಂತ ಹೆಚ್ಚು ಟೇಕ್‌ನಲ್ಲಿ ಇದ್ದ ಮೇಲೆ ಅದು ಬರೀ ಮರೆವಲ್ಲ. ಹಿಡಿಸಿತು, ಉಳಿಸಿಕೊಂಡರು.

ಅಂಥ ಒಂದು ಟೇಕ್‌ನಲ್ಲಿ ಇನ್ನೊಂದು ಮಜಾ ಇದೆ. ಹಾಡು ಶುರುವಾಗುವಾಗ ಓಟಿಸ್ ಬಾಯಲ್ಲೇ ಕಡಲಹಕ್ಕಿ ಥರ ಕೂಗುತ್ತಾರೆ, ತಮಾಷೆಗೆ. ಹಾಡು ಹುಟ್ಟಿದ್ದೇ ನೀರಿನ ಮೇಲೆ ನೋಡಿ. 1967ರ ಬೇಸಿಗೆಯಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಸಾಸಲಿಟೊದಲ್ಲಿ ಒಂದು ದೋಣಿಮನೆಯಲ್ಲಿ ಉಳಿದಿದ್ದರು. ಅಲ್ಲಿ ಕೂತು ಮೊದಲ ಸಾಲುಗಳನ್ನು ಕಟ್ಟಿದರು. ಉಳಿದದ್ದನ್ನು ಮೆಂಫಿಸ್‌ಗೆ ಬಂದು ಕ್ರಾಪರ್ ಜೊತೆ ಮುಗಿಸಿದರು. ನಡುವೆ ಗಂಟಲಿನ ಆಪರೇಷನ್ ಬೇರೆ ಆಗಿತ್ತು, ವಾರಗಟ್ಟಲೆ ಬಾಯಿ ಬಿಡುವ ಹಾಗಿರಲಿಲ್ಲ. ಅಷ್ಟು ದಿನ ಸುಮ್ಮನಿದ್ದ ಗಂಟಲು ಈ ಹಾಡಿನಲ್ಲಿ ಎಷ್ಟು ಮೆತ್ತಗೆ ಕೇಳಿಸುತ್ತದೆ ಅಲ್ವಾ?

ರೆಕಾರ್ಡಿಂಗ್ ಶುರುವಾದದ್ದು ನವೆಂಬರ್ 22ಕ್ಕೆ. ಚೂರುಪಾರು ಕೆಲಸ ಡಿಸೆಂಬರ್ ಮೊದಲ ವಾರದಲ್ಲಿ. ಹಾಡು ರೆಕಾರ್ಡ್ ಮಾಡಿದ, ಮೆಂಫಿಸ್ ಊರಿನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೊ ಅಂದ್ರೆ ಮೊದಲು ಟಾಕೀಸ್ ಆಗಿದ್ದ ಕಟ್ಟಡ. ಸೀಟು ಕಿತ್ತರೂ ಇಳಿಜಾರು ನೆಲವನ್ನು ಹಾಗೇ ಬಿಟ್ಟಿದ್ದರು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಕಂಪನಿಯ ಪಾಲುದಾರೆ ಎಸ್ಟೆಲ್ ಆಕ್ಸ್‌ಟನ್ ರೆಕಾರ್ಡ್ ಅಂಗಡಿ ಇಟ್ಟಿದ್ದರು. ಕೇರಿಯ ಹುಡುಗರು ಯಾವುದು ಕೊಳ್ಳುತ್ತಾರೆ, ಯಾವುದನ್ನು ಕೇಳಿ ವಾಪಸ್ ಇಡುತ್ತಾರೆ ಅಂತ ನೋಡೋದು, ಒಳಗೆ ಬಂದು ಹೇಳೋದು. ಇವತ್ತಿನ ಯಾವ ಸರ್ವೇನೂ ಅದಕ್ಕೆ ಸಮ ಇಲ್ಲ.

ಆ ಅಂಗಳದಲ್ಲೇ ಈ ಹಾಡಿಗೆ ಅಷ್ಟು ಒಪ್ಪಿಗೆ ಇರಲಿಲ್ಲ. ಎಸ್ಟೆಲ್ ಅವರ ತಮ್ಮ, ಕಂಪನಿಯ ಯಜಮಾನ ಜಿಮ್ ಸ್ಟುವರ್ಟ್‌ಗೂ ಹಿಡಿಸಿರಲಿಲ್ಲ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಓಟಿಸ್ ಅಂದ್ರೆ ಕೊನೇ ಒಂದು ನಿಮಿಷ ಮೈಮೇಲೆ ಬಂದವರ ಹಾಗೆ ಹಾಡುವವರು. ಅದೇ ವರ್ಷ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತ ಉತ್ಸವದಲ್ಲಿ ಹಾಗೆ ಹಾಡಿಯೇ ರಾಕ್ ಕೇಳುವ ಬಿಳಿಯ ಹುಡುಗರನ್ನೆಲ್ಲ ಗೆದ್ದು ಬಂದಿದ್ದರು. ಅಂಥವರು ಕಟ್ಟೆ ಮೇಲೆ ಕೂತು, ಹಡಗು ಎಣಿಸಿ, ಸಿಳ್ಳೆ ಹಾಕಿಕೊಂಡು ಎದ್ದು ಹೋದರೆ ಯಾವ ಯಜಮಾನ ಒಪ್ಪುತ್ತಾನೆ?

ಡಿಸೆಂಬರ್ 10ಕ್ಕೆ ಅವರ ವಿಮಾನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಹತ್ತಿರ ಮೊನೊನಾ ಕೆರೆಗೆ ಬಿತ್ತು. ಓಟಿಸ್‌ಗೆ 26 ವರ್ಷ. ಮಿಕ್ಸ್ ಮಾಡುವ ಕೆಲಸ ಕ್ರಾಪರ್ ಪಾಲಿಗೆ ಬಂತು, ಅದೂ ಕೆಲವೇ ದಿನಗಳಲ್ಲಿ. ಜಾಹೀರಾತು ಜಿಂಗಲ್ ಮಾಡುವ ಕಂಪನಿಯೊಂದರ ಸಂಗ್ರಹದಿಂದ ಅಲೆ ಮತ್ತು ಕಡಲಹಕ್ಕಿಗಳ ಸದ್ದು ತಂದು ಮತ್ತೆ ಮತ್ತೆ ಸುತ್ತುವ ಟೇಪ್ ಲೂಪ್ ಮಾಡಿ ಸೇರಿಸಿದರು. ಗೆಳೆಯ ಬಾಯಲ್ಲಿ ಮಾಡಿದ್ದ ಆ ಹಕ್ಕಿ ಕೂಗು ನೆನಪಿದ್ದೇ ಹುಡುಕಿರಬೇಕು, ಅಂತ ನನ್ನ ಊಹೆ.

ನಾನೂ ಎಷ್ಟೋ ಸಲ ಮಳೆ, ಕಾಗೆ, ಬಸ್ ಸದ್ದು ಹಾಕಿದ್ದೇನೆ. ಎಫೆಕ್ಟ್ ಅಂದ್ರೆ ಕೈ ತಾನಾಗೇ ಸದ್ದು ಹೆಚ್ಚಿಸುವ ಫೇಡರನ್ನು ಮೇಲಕ್ಕೆ ತಳ್ಳುತ್ತದೆ, ಹಾಕಿದ್ದು ಕೇಳಿಸಲಿ ಅಂತ. ಕ್ರಾಪರ್ ಹಾಗೆ ಮಾಡಿಲ್ಲ. ಹೆಡ್‌ಫೋನ್‌ನಲ್ಲಿ ಕೇಳಿ. ಅಲೆ ಮಾತಿನ ಸಂದಿಯಲ್ಲಿ ಬಂದು ಸರಿದುಹೋಗುತ್ತದೆ. ಒಂದು ಅಕ್ಷರವನ್ನೂ ಮುಳುಗಿಸಲ್ಲ.

ತುತ್ತೂರಿ:

ಮೇಷ್ಟ್ರೇ, ವಿಮಾನದಲ್ಲಿ ಓಟಿಸ್ ಒಬ್ಬರೇ ಇರಲಿಲ್ಲ ಅನ್ನೋದನ್ನು ಬಿಟ್ಟಿರಿ. ಜೊತೆಗೆ ನುಡಿಸುತ್ತಿದ್ದ ಬಾರ್-ಕೇಸ್ ತಂಡದ ನಾಲ್ಕು ಹುಡುಗರೂ ಹೋದರು, ಎಲ್ಲ ಹದಿನೆಂಟು ಹತ್ತೊಂಬತ್ತು ವಯಸ್ಸಿನವರು. ಉಳಿದದ್ದು ಟ್ರಂಪೆಟ್ ನುಡಿಸುತ್ತಿದ್ದ ಬೆನ್ ಕಾಲಿ ಮಾತ್ರ. ಈಜು ಬರುತ್ತಿರಲಿಲ್ಲ, ಸೀಟಿನ ಕುಶನ್ ಹಿಡಿದು ಆ ಕೊರೆಯುವ ನೀರಿನಲ್ಲಿ ತೇಲಿದರು. ಬೇಸ್ ನುಡಿಸುವ ಜೇಮ್ಸ್ ಅಲೆಕ್ಸಾಂಡರ್ ಅವತ್ತು ಬೇರೆ ವಿಮಾನದಲ್ಲಿದ್ದರು. ಆಮೇಲೆ ಇವರಿಬ್ಬರೇ ತಂಡವನ್ನು ಮತ್ತೆ ಕಟ್ಟಿದರು. ತೀರಿಹೋದ ಸ್ಯಾಕ್ಸೊಫೋನ್ ಗೆಳೆಯ ಫೇಲನ್ ಹೆಸರನ್ನು ಅಲೆಕ್ಸಾಂಡರ್ ಮಗನಿಗೆ ಇಟ್ಟರು. ಜ್ಯಾಝಿ ಫೇ ಅನ್ನೋ ಹಿಪ್‌ಹಾಪ್ ನಿರ್ಮಾಪಕ ಇದ್ದಾರಲ್ಲ, ಅವರೇ ಆ ಮಗ.

ಫೇಡರ್ ಮೇಷ್ಟ್ರು:

ತಪ್ಪಾಯಿತು ತುತ್ತೂರಿ ಅವರೇ. ಹಾಡಿನ ಗುಂಗಿನಲ್ಲಿ ಆ ಹುಡುಗರನ್ನು ಮರೆತೆ. ಬಸು ಅವರೇ, ಹಾಡು ಜನವರಿಯಲ್ಲಿ ಬಂತು, ಮಾರ್ಚ್ 1968ಕ್ಕೆ ಅಮೆರಿಕದ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯ ತುದಿಗೆ ಏರಿತು. ಹಾಡಿದವರು ತೀರಿಕೊಂಡ ಮೇಲೆ ಅಲ್ಲಿಗೆ ಏರಿದ ಮೊದಲ ಹಾಡು ಅದೇ.

ಬಿ-ಸೈಡ್ ಬಸು:

ಎಲ್ಲರಿಗೂ ಥ್ಯಾಂಕ್ಸ್. ಬೇರೆ ಟೇಕ್ ಸಿಕ್ಕಿತು, ರಾತ್ರಿಯಿಂದ ನಾಲ್ಕು ಸಲ ಕೇಳಿದೆ. ಸಿಳ್ಳೆ ನಮ್ಮ ಕುಕ್ಕರ್‌ಗಿಂತ ಕಡೆ. ಕಡಲಹಕ್ಕಿ ಅಂದ್ರಲ್ಲ ಮೇಷ್ಟ್ರೇ, ನನ್ನ ಹೆಂಡತಿ ಅಡುಗೆಮನೆಯಿಂದ ಕೇಳಿಸಿಕೊಂಡು "ಯಾರ ಮನೆ ಕೋಳಿನ ಯಾರು ಹಿಡಿದ್ರು?" ಅಂದಳು.